ರೇಡಿಯೇಟರ್ ತಣ್ಣಗಿದ್ದರೆ ಬಾಯ್ಲರನ್ನು ಬೈಯಬೇಡಿ

ಚಳಿಗಾಲದಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ಗೆ, ಮಗಳ ಮನೆಗೆ ಹೋಗಿ ಬಂದ ಮೈಸೂರಿನ ಓದುಗರೊಬ್ಬರ ಪ್ರಶ್ನೆ ಇದು. ಕಿಟಕಿಯ ಕೆಳಗಿನ ಕಬ್ಬಿಣದ ರೇಡಿಯೇಟರ್ ರಾತ್ರಿಯೆಲ್ಲ ಬುಸುಗುಡುತ್ತದೆ. ಒಮ್ಮೊಮ್ಮೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಠಣ್ ಠಣ್ ಎನ್ನುತ್ತದೆ. ಇಷ್ಟೆಲ್ಲ ಆರ್ಭಟ ಮಾಡಿಯೂ ಒಂದು ಕೋಣೆ ಮಾತ್ರ ಬೆಚ್ಚಗಾಗುವುದೇ ಇಲ್ಲ. ಬಾಯ್ಲರ್ ಕೆಟ್ಟಿದೆಯೆ? ಸಿಡಿಯುವ ಸೂಚನೆಯೆ?

ಎರಡೂ ಇರಲಾರದು. ಬಡಿತದ ಸದ್ದಿಗೆ ಬೇರೆ ಕಾರಣವಿದೆ, ಅದು ಆಮೇಲೆ. ಬುಸುಗುಡುವುದಕ್ಕೂ ಕೋಣೆ ತಣ್ಣಗಿರುವುದಕ್ಕೂ ಮೊದಲು ಅನುಮಾನಿಸಬೇಕಾದ್ದು ರೇಡಿಯೇಟರಿನ ಪಕ್ಕೆಗೆ ತಿರುಚಿ ಕೂರಿಸಿದ, ಬೆರಳುದ್ದದ ಲೋಹದ ಬುರುಡೆಯನ್ನು. ಅದೇ ಏರ್ ವೆಂಟ್, ಗಾಳಿ ಬಿಡುವ ಕಿಂಡಿ. ಅದರೊಳಗೆ ಅಡಗಿರುವ ಜಾಣತನವನ್ನು ತಿಳಿದವರು ಮತ್ತೆಂದೂ ಅದನ್ನು ಕಡೆಗಣ್ಣಿನಿಂದ ನೋಡಲಾರರು.

ನ್ಯೂಯಾರ್ಕಿನ ಎಷ್ಟೋ ಹಳೆಯ ಮನೆಗಳಲ್ಲಿ ಇಂದಿಗೂ ಇರುವುದು ಒಂಟಿ ಕೊಳವೆಯ ಹಬೆ ವ್ಯವಸ್ಥೆ. ನೆಲಮಾಳಿಗೆಯ ಬಾಯ್ಲರಿನಲ್ಲಿ ನೀರು ಕುದಿಯುತ್ತದೆ, ಹಬೆ ಕೊಳವೆ ಹಿಡಿದು ಮಹಡಿ ಏರುತ್ತದೆ, ರೇಡಿಯೇಟರಿನಲ್ಲಿ ತಣಿದು ನೀರಾಗಿ ಬಂದ ದಾರಿಯಲ್ಲೇ ಕೆಳಗಿಳಿಯುತ್ತದೆ. ಪಂಪು ಬೇಡ, ಮೋಟಾರು ಬೇಡ. ಒಂದು ಕಿಲೋ ಹಬೆ ನೀರಾಗುವಾಗ ಬಿಟ್ಟುಕೊಡುವ ಶಾಖ 540 ಕಿಲೋ ಕ್ಯಾಲರಿ. ಅದೇ ಒಂದು ಕಿಲೋ ಕುದಿನೀರು ನೂರು ಡಿಗ್ರಿಯಿಂದ ಐವತ್ತಕ್ಕೆ ಇಳಿದರೆ ಸಿಗುವುದು ಬರೀ 50. ತಣಿದ ಹಬೆ ಸುಮಾರು 1,700ನೇ ಒಂದು ಪಾಲಿಗೆ ಕುಗ್ಗುವುದರಿಂದ, ಖಾಲಿಯಾದ ಜಾಗಕ್ಕೆ ಹಿಂದಿನ ಹಬೆ ತಾನಾಗಿಯೇ ನುಗ್ಗುತ್ತದೆ.

ತೊಂದರೆ ಇರುವುದು ಗಾಳಿಯದು. ಬಾಯ್ಲರ್ ಆರಿದ್ದಾಗ ಕೊಳವೆಗಳಲ್ಲೂ ರೇಡಿಯೇಟರಿನಲ್ಲೂ ತುಂಬಿರುವುದು ಬರೀ ಗಾಳಿ. ಅದು ಹೊರಗೆ ಹೋಗದೆ ಹಬೆ ಒಳಗೆ ಬರಲಾರದು. ಕುಕ್ಕರಿನಲ್ಲಿ ಅನ್ನಕ್ಕಿಡುವ ಯಾರಿಗೂ ಇದು ಗೊತ್ತು. ಮುಚ್ಚಳ ಹಾಕಿದ ಕೂಡಲೇ ವೆಯ್ಟ್ ಇಡುವುದಿಲ್ಲ. ಕೊಳವೆಯಿಂದ ಮೊದಲು ಗಾಳಿ ಹೋಗಿ, ಹಬೆ ಒಂದೇ ಸಮನೆ ಜೋರಾಗಿ ಬಂದ ಮೇಲೆಯೇ ಇಡುವುದು. ರೇಡಿಯೇಟರಿಗೂ ಇದೇ ಕೆಲಸ ಆಗಬೇಕು. ಆದರೆ ದಿನಕ್ಕೆ ಹತ್ತಾರು ಸಲ, ನಡುರಾತ್ರಿಯಲ್ಲೂ, ಯಾರೂ ಕೈ ಹಾಕದೆ ಆಗಬೇಕು.

ಆ ಬುರುಡೆಯೊಳಗೆ ತೆಳು ಲೋಹದ ಪುಟ್ಟ ಡಬ್ಬಿಯೊಂದು ಸಡಿಲವಾಗಿ ಕುಳಿತಿರುತ್ತದೆ. ಅದರ ನೆತ್ತಿಯ ಮೇಲೊಂದು ಸೂಜಿ. ಎಲ್ಲ ಕಡೆಯಿಂದ ಬೆಸೆದು ಮುಚ್ಚಿದ ಆ ಡಬ್ಬಿಯಲ್ಲಿ ಆಲ್ಕೋಹಾಲ್ ಬೆರೆಸಿದ ಕೆಲವೇ ಹನಿ ನೀರು. ಈ ಮಿಶ್ರಣ ನೂರು ಡಿಗ್ರಿಗೆ ಮೊದಲೇ ಕುದಿಯುತ್ತದೆ. ತಣ್ಣನೆಯ ಗಾಳಿ ಪಕ್ಕದಲ್ಲೇ ಹಾದುಹೋದರೂ ಡಬ್ಬಿ ಅಲುಗುವುದಿಲ್ಲ. ಹಬೆ ಬಂದು ಮುಟ್ಟಿತೋ, ಒಳಗಿನ ಹನಿಗಳು ಕುದಿದು ಡಬ್ಬಿಯ ತೆಳು ತಳ ಉಬ್ಬುತ್ತದೆ, ಡಬ್ಬಿ ಮೇಲೇಳುತ್ತದೆ, ಸೂಜಿ ಹೋಗಿ ಕಿಂಡಿಯನ್ನು ಮುಚ್ಚುತ್ತದೆ. ಬಾಯ್ಲರ್ ಆರಿ ಎಲ್ಲ ತಣಿದಾಗ ಡಬ್ಬಿ ಮತ್ತೆ ಕೆಳಗೆ ಕೂರುತ್ತದೆ, ಕಿಂಡಿ ತೆರೆದು ಹೊರಗಿನ ಗಾಳಿ ಒಳಗೆ ಬರುತ್ತದೆ. ಅಕಸ್ಮಾತ್ ಹಬೆಯ ಬದಲು ನೀರೇ ನುಗ್ಗಿದರೆ? ಆಗಲೂ ಡಬ್ಬಿ ತೇಲಿ ಕಿಂಡಿಯನ್ನು ಮುಚ್ಚುತ್ತದೆ. ವಿದ್ಯುತ್ತಿಲ್ಲ, ಬ್ಯಾಟರಿ ಇಲ್ಲ, ಚಿಪ್ ಇಲ್ಲ. ಗಾಳಿ ಯಾವುದು, ಹಬೆ ಯಾವುದು, ನೀರು ಯಾವುದು ಎಂದು ಮೂರನ್ನೂ ಬೇರೆ ಬೇರೆಯಾಗಿ ಗುರುತಿಸುವ ಯಂತ್ರ ಅಂಗೈಯಲ್ಲಿ ಹಿಡಿಸುತ್ತದೆ.

ಇನ್ನೊಂದು ಸೊಗಸು ಅದನ್ನು ಕೂರಿಸುವ ಜಾಗದಲ್ಲಿದೆ. ಬಿಸಿನೀರು ಹರಿಯುವ ರೇಡಿಯೇಟರಿನಲ್ಲಿ ಗಾಳಿ ಬಿಡುವ ತಿರುಪು ತುತ್ತತುದಿಯಲ್ಲಿರುತ್ತದೆ, ಏಕೆಂದರೆ ನೀರಿಗಿಂತ ಗಾಳಿ ಹಗುರ. ಹಬೆಯ ರೇಡಿಯೇಟರಿನಲ್ಲಿ ವೆಂಟ್ ಇರುವುದು ಹೆಚ್ಚುಕಡಿಮೆ ನಡುಮಟ್ಟದಲ್ಲಿ. ಹಬೆ ಗಾಳಿಗಿಂತ ಹಗುರವಾದ್ದರಿಂದ ಮೊದಲು ಮೇಲ್ಭಾಗಕ್ಕೆ ಹಬ್ಬುತ್ತದೆ, ಗಾಳಿ ಕೆಳಗೆ ಉಳಿಯುತ್ತದೆ. ವೆಂಟ್ ತುದಿಯಲ್ಲಿದ್ದರೆ ಹಬೆ ಬೇಗ ಬಂದು ಅದನ್ನು ಮುಚ್ಚಿಬಿಡುತ್ತಿತ್ತು, ಅರ್ಧ ರೇಡಿಯೇಟರ್ ಗಾಳಿ ತುಂಬಿಕೊಂಡು ತಣ್ಣಗೆ ಕೂರುತ್ತಿತ್ತು.

ಇಷ್ಟು ತಿಳಿದರೆ ರೋಗ ಪತ್ತೆ ಸುಲಭ. ರೇಡಿಯೇಟರಿಗೆ ಬರುವ ಕೊಳವೆ ಬಿಸಿಯಾಗಿದೆ, ರೇಡಿಯೇಟರ್ ತಣ್ಣಗಿದೆ, ವೆಂಟ್ ಮೌನವಾಗಿದೆ ಎಂದರೆ ಕಿಂಡಿ ಕಟ್ಟಿದೆ. ತುಕ್ಕು, ನೀರಿನ ಸುಣ್ಣದ ಪದರ, ಅಥವಾ ಗೋಡೆಗೆ ಬಣ್ಣ ಹೊಡೆದವರು ವೆಂಟಿನ ಮೇಲೂ ಒಂದು ಕೈ ಎಳೆದಿರುತ್ತಾರೆ. ಬಾಯ್ಲರ್ ಆರಿಸಿ, ಎಲ್ಲ ಪೂರ್ತಿ ತಣಿದ ಮೇಲೆ ವೆಂಟನ್ನು ಬಿಚ್ಚಿ, ನೆಟ್ಟಗೆ ಹಿಡಿದು ಊದಿ ನೋಡಬಹುದು. ಉಸಿರು ಸಲೀಸಾಗಿ ದಾಟಬೇಕು. ದಾಟದಿದ್ದರೆ ವಿನೆಗರಿನಲ್ಲಿ ನೆನೆಹಾಕಿ ತೊಳೆಯುವವರಿದ್ದಾರೆ. ಅದು ಕೆಲವು ಕಾಲಕ್ಕೆ ಮಾತ್ರ, ಹೊಸದು ಹಾಕುವುದೇ ಸರಿ. ಶುರುವಿನಲ್ಲಿ ಮೆಲುವಾಗಿ ಸುಯ್ ಎಂದು ಆಮೇಲೆ ಸುಮ್ಮನಾಗುವ ವೆಂಟ್ ಆರೋಗ್ಯವಾಗಿದೆ. ರೇಡಿಯೇಟರ್ ಪೂರ್ತಿ ಬಿಸಿಯಾದ ಮೇಲೂ ಬುಸುಗುಡುತ್ತಾ ಕಿಟಕಿ ಗಾಜನ್ನು ಒದ್ದೆ ಮಾಡುವಂಥದ್ದು ಮುಚ್ಚಿಕೊಳ್ಳುವ ಶಕ್ತಿ ಕಳೆದುಕೊಂಡಿದೆ, ಬದಲಾಯಿಸಬೇಕು. ಹೊಸದು ಸೆಟೆದು ನಿಂತಿರಬೇಕು; ಓರೆಯಾದರೆ ಒಳಗಿನ ಡಬ್ಬಿ ಸಿಕ್ಕಿಬೀಳುತ್ತದೆ. ಅಷ್ಟೇನೂ ಚಳಿಯಿಲ್ಲದ ದಿನ ರೇಡಿಯೇಟರಿನ ಅರ್ಧ ಮಾತ್ರ ಬಿಸಿಯಾಗಿದ್ದರೆ ಗಾಬರಿ ಬೇಡ. ಕೋಣೆಗೆ ಸಾಕಷ್ಟು ಶಾಖ ಸಿಕ್ಕಿ ಬಾಯ್ಲರ್ ತಾನಾಗಿ ಆರಿದೆ, ಅಷ್ಟೆ.

ಈಗ ದೊಡ್ಡ ತಪ್ಪುಕಲ್ಪನೆಗೆ ಬರಬೇಕು. ಕೋಣೆ ತಣ್ಣಗಿದ್ದರೆ ಬಾಯ್ಲರಿನ ಒತ್ತಡ ಏರಿಸು ಎನ್ನುವವರು ಎಲ್ಲೆಡೆ ಇದ್ದಾರೆ. ಇದು ಶುದ್ಧ ಅವಿವೇಕ. ಮನೆಯ ಹಬೆ ವ್ಯವಸ್ಥೆಗೆ ಚದರಂಗುಲಕ್ಕೆ ಎರಡು ಪೌಂಡ್ ಒತ್ತಡ ಧಾರಾಳವಾಯಿತು. ಆ ಒತ್ತಡದಲ್ಲಿ ಹಬೆಯ ಬಿಸಿ ಸುಮಾರು 104 ಡಿಗ್ರಿ ಸೆಲ್ಸಿಯಸ್, ಒತ್ತಡವೇ ಇಲ್ಲದಿದ್ದರೆ 100. ನಾಲ್ಕು ಡಿಗ್ರಿಗಾಗಿ ಇಂಧನ ಸುಟ್ಟು, ವೆಂಟುಗಳನ್ನು ಹಾಳುಮಾಡಿ ಸಿಗುವ ಲಾಭವೇನು? ಕಟ್ಟಿಕೊಂಡ ಕಿಂಡಿಯ ಹಿಂದಿನ ಗಾಳಿ ತುಸು ಒತ್ತಿಕೊಳ್ಳುತ್ತದೆ, ಹೊರಗೆ ಹೋಗುವುದಿಲ್ಲ. ಮಾಡಬೇಕಾದ್ದು ಬೇರೆ. ನೆಲಮಾಳಿಗೆಯ ಮುಖ್ಯ ಕೊಳವೆಯ ಕೊನೆಯಲ್ಲಿ ದೊಡ್ಡ ವೆಂಟೊಂದು ಇರುತ್ತದೆ, ಅದರ ನೆನಪೇ ಯಾರಿಗೂ ಇರುವುದಿಲ್ಲ. ಅದು ಚುರುಕಾಗಿದ್ದರೆ ಹಬೆ ಮಹಡಿಗಳಿಗೆ ಏರುವ ಎಲ್ಲ ಕೊಳವೆಗಳ ಬುಡಕ್ಕೂ ಹೆಚ್ಚುಕಡಿಮೆ ಒಟ್ಟಿಗೆ ತಲುಪುತ್ತದೆ. ಆಮೇಲೆ ಬಾಯ್ಲರಿನ ಹತ್ತಿರದ, ಕುದಿಯುವ ಕೋಣೆಗೆ ನಿಧಾನದ ವೆಂಟ್, ದೂರದ ತಣ್ಣನೆಯ ಕೋಣೆಗೆ ವೇಗದ್ದು. ಗಾರ್ಟನ್ ಎಂಬ ಬ್ರಾಂಡಿನ ವೆಂಟುಗಳಲ್ಲಿ ಅತಿ ನಿಧಾನದ್ದು 4, ಆಮೇಲೆ 5, 6, ಸಿ, ಅತಿ ವೇಗದ್ದು ಡಿ.

ಇನ್ನು ಆ ಠಣ್ ಠಣ್. ಹಳೆಯ ಮನೆಯಲ್ಲಿ ನಡುರಾತ್ರಿ ಇದನ್ನು ಕೇಳಿ ಪ್ರೇತಬಾಧೆ ಎಂದು ನಿಂಬೆಹಣ್ಣು ಕೊಯ್ಯುವ ಅಗತ್ಯ ಖಂಡಿತ ಇಲ್ಲ. ಸತ್ತವರಿಗೆ ಪೈಪು ಬಡಿಯುವ ಕೆಲಸವನ್ನು ಹಚ್ಚುವ ಮೊದಲು ರಸಮಟ್ಟ ತಂದು ರೇಡಿಯೇಟರಿನ ಮೇಲಿಡಿ. ಒಂಟಿ ಕೊಳವೆಯ ರೇಡಿಯೇಟರ್, ಕೊಳವೆ ಬಂದು ಸೇರುವ ತುದಿಯ ವಾಲ್ವಿನ ಕಡೆಗೆ ತುಸು ಇಳಿಜಾರಾಗಿರಬೇಕು. ನೂರು ವರ್ಷದ ಮರದ ನೆಲ ಕುಸಿದು ಇಳಿಜಾರು ತಿರುಗಿದರೆ ನೀರು ಒಳಗೇ ನಿಲ್ಲುತ್ತದೆ, ಹಬೆ ಬಂದು ಅದನ್ನು ಎತ್ತಿ ಕಬ್ಬಿಣಕ್ಕೆ ಅಪ್ಪಳಿಸುತ್ತದೆ. ದೂರದ ತುದಿಯ ಕಾಲುಗಳ ಕೆಳಗೆ ಚಿಕ್ಕ ಬೆಣೆ ಕೊಟ್ಟರೆ ಎಷ್ಟೋ ಸಲ ಸದ್ದು ನಿಂತುಹೋಗುತ್ತದೆ. ಶಾಖ ಕಡಿಮೆ ಮಾಡಲು ವಾಲ್ವನ್ನು ಅರ್ಧ ತಿರುಗಿಸುವುದೂ ಇದೇ ಅವಾಂತರ ತರುತ್ತದೆ, ಮೇಲೆ ಬರುವ ಹಬೆಗೂ ಕೆಳಗಿಳಿಯುವ ನೀರಿಗೂ ಇರುವುದು ಅದೊಂದೇ ಬಾಗಿಲು. ಪೂರ್ತಿ ತೆರೆಯಿರಿ, ಇಲ್ಲವೇ ಪೂರ್ತಿ ಮುಚ್ಚಿ.

ಇಷ್ಟಕ್ಕೂ ಈ ಮನೆಗಳಲ್ಲಿ ಜನವರಿಯಲ್ಲೂ ಕಿಟಕಿ ತೆರೆದು ಕೂರುವಷ್ಟು ಸೆಕೆ ಏಕೆ? 1992ರಲ್ಲಿ ‘ದ ಲಾಸ್ಟ್ ಆರ್ಟ್ ಆಫ್ ಸ್ಟೀಮ್ ಹೀಟಿಂಗ್’ ಬರೆದ ಡ್ಯಾನ್ ಹೋಲೊಹನ್ ಇದನ್ನು 1918ರ ಇನ್‌ಫ್ಲುಯೆಂಜಾ ಕಾಲಕ್ಕೆ ಜೋಡಿಸುತ್ತಾರೆ. ರೋಗ ಹರಡದಿರಲು ಮನೆಯೊಳಗೆ ಶುದ್ಧ ಗಾಳಿ ಆಡಬೇಕು ಎಂಬ ಒತ್ತಾಯದ ನಡುವೆ, ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದಿಟ್ಟೇ ಕೋಣೆ ಬೆಚ್ಚಗಿರುವಂತೆ ಬಾಯ್ಲರುಗಳನ್ನೂ ರೇಡಿಯೇಟರುಗಳನ್ನೂ ದೊಡ್ಡದಾಗಿ ಲೆಕ್ಕಹಾಕಿದರು. ಆ ಕಬ್ಬಿಣ ಇನ್ನೂ ಅಲ್ಲೇ ಇದೆ.

ಹಬೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2016ರ ಡಿಸೆಂಬರಿನಲ್ಲಿ ಬ್ರಾಂಕ್ಸ್‌ನ ಅಪಾರ್ಟ್‌ಮೆಂಟೊಂದರಲ್ಲಿ ರೇಡಿಯೇಟರಿನಿಂದ ಹೊಮ್ಮಿದ ಹಬೆಗೆ ಇಬ್ಬರು ಪುಟ್ಟ ಅಕ್ಕತಂಗಿಯರು ಬಲಿಯಾದರು. ವಾಲ್ವ್ ಮುಚ್ಚಿದ್ದೇವೆ ಎಂಬ ನಂಬಿಕೆಯ ಮೇಲೆ ಬಿಸಿ ರೇಡಿಯೇಟರಿನ ವೆಂಟನ್ನು ಎಂದೂ ಬಿಚ್ಚಬೇಡಿ, ಹಳೆಯ ವಾಲ್ವುಗಳು ಪೂರ್ತಿ ಮುಚ್ಚುವುದಿಲ್ಲ. ನೆಲಮಾಳಿಗೆಯ ಹಳೆಯ ಕೊಳವೆಗಳ ಸುತ್ತಲಿನ ಬಿಳಿ ಹೊದಿಕೆ ಆಸ್‌ಬೆಸ್ಟಾಸ್ ಇರಬಹುದು, ಅದನ್ನೂ ಕೆದಕಬೇಡಿ. ಬಾಡಿಗೆ ಮನೆಯಾದರೆ ಇದನ್ನೆಲ್ಲ ಸರಿಪಡಿಸಿ ಕೊಡಬೇಕಾದವರು ಮಾಲೀಕರು. ನ್ಯೂಯಾರ್ಕ್ ನಗರದ ನಿಯಮದ ಪ್ರಕಾರ ಅಕ್ಟೋಬರ್ 1ರಿಂದ ಮೇ 31ರವರೆಗೆ, ಬೆಳಗ್ಗೆ 6ರಿಂದ ರಾತ್ರಿ 10ರ ನಡುವೆ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆಯಿದ್ದರೆ ಒಳಗೆ ಕನಿಷ್ಠ 68 ಡಿಗ್ರಿ ಇರಬೇಕು, ರಾತ್ರಿ ಹೊತ್ತು ಕನಿಷ್ಠ 62. ಇಲ್ಲದಿದ್ದರೆ ಮಗಳು 311ಕ್ಕೆ ಫೋನ್ ಮಾಡಿ ದೂರು ಕೊಡಲಿ.