ಸೂರಿನ ನೀರಿಗೊಂದು ದಾರಿ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಮನೆ ಕಟ್ಟುವವನು ಎಲ್ಲಕ್ಕೂ ಮೊದಲು ಮಳೆಯನ್ನು ನೆನೆಯಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಬಂದು ಮುಗಿಯುತ್ತದೆ. ಮಾಡಿನ ಮೇಲೆ ಬಿದ್ದ ನೀರನ್ನು ಹಂಚು ತಡೆಯುತ್ತದೆ, ನಿಜ. ಆದರೆ ತಡೆದ ನೀರು ಹೋಗುವುದೆಲ್ಲಿಗೆ? ಈ ಪ್ರಶ್ನೆಗೆ ಉತ್ತರವೇ ಸೂರಿಗೆ ಕಟ್ಟುವ ನೀರಿನ ದೋಣಿ. ಮನೆಯ ಅಲಂಕಾರದಲ್ಲಿ ಅದಕ್ಕೆ ಸ್ಥಾನವಿಲ್ಲ. ಮನೆಯ ಆಯುಷ್ಯದಲ್ಲಿ ಮಾತ್ರ ದೊಡ್ಡ ಪಾಲಿದೆ.

ನಮ್ಮ ಹಿರಿಯರ ಉಪಾಯ ಬೇರೆಯಾಗಿತ್ತು. ಭಟ್ಕಳದಲ್ಲಿ 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯವನ್ನು ನೋಡಿದವರು ಅದರ ಮಾಡನ್ನು ಮರೆಯಲಾರರು. ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಗಳು, ಅವುಗಳ ಸಂದಿಯನ್ನು ಮುಚ್ಚುವ ಕಲ್ಲಿನ ಪಟ್ಟಿಗಳು, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರು. ನೀರನ್ನು ಹಿಡಿಯುವುದಲ್ಲ, ದೂರಕ್ಕೆ ಎಸೆಯುವುದು ಅಲ್ಲಿನ ತತ್ತ್ವ. ಹುಲ್ಲು, ಮಡಲು ಹೊದಿಸಿದ ಮನೆಗಳದೂ ಅದೇ ನೀತಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡು ಕ್ರಮೇಣ ಕೆಂಪಾಯಿತು. ಎರಡು ಮಾಡುಗಳು ಕೂಡುವಲ್ಲಿ, ಅಂಗಳ ಕಿರಿದಾದಲ್ಲಿ, ಅಡಿಕೆಯ ಮರವನ್ನು ಸೀಳಿ ತಿರುಳು ತೆಗೆದ ದಂಬೆಯನ್ನು ಕಟ್ಟುತ್ತಿದ್ದರು. ಅದು ಕೆಲವೇ ಮಳೆಗಾಲ ಬಾಳುತ್ತಿತ್ತು. ಹೊಸದು ತೋಟದಲ್ಲೇ ಸಿಗುತ್ತಿತ್ತು.

ಇಂದು ಸೂರು ಗಿಡ್ಡವಾಗಿದೆ, ಅಂಗಳ ಇಲ್ಲವಾಗಿದೆ. ಬಿದ್ದ ನೀರು ಗೋಡೆಯ ಬುಡಕ್ಕೆ ಎರಚುತ್ತದೆ. ನಮ್ಮ ಚಿರೆಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವಂಥದು. ಇಟ್ಟಿಗೆಯಂತೆ ಕತ್ತರಿಸಬರುವ ಈ ಕಲ್ಲಿಗೆ ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಪದದಿಂದಲೇ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಕಲ್ಲು ತಾಳೀತು, ಆದರೆ ಹಳೆಯ ಗೋಡೆಗಳ ಸಂದಿನಲ್ಲಿರುವ ಮಣ್ಣು ತಾಳದು. ಅದು ವರ್ಷವರ್ಷವೂ ಕರಗುತ್ತದೆ, ತೇವ ಮೇಲೇರುತ್ತದೆ.

ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. 100 ಚದರ ಮೀಟರ್ ನೆಲವನ್ನು ಮುಚ್ಚುವ ಮಾಡಿನ ಮೇಲೆ ಗಂಟೆಗೆ 50 ಮಿಲಿಮೀಟರ್ ಸುರಿದರೆ 5000 ಲೀಟರ್. ಇಷ್ಟನ್ನು ಹೊರಬೇಕಾದ ದೋಣಿಯನ್ನು ಕಣ್ಣಂದಾಜಿನಲ್ಲಿ ಕಟ್ಟಲಾಗದು. ಕಸುಬು ಬಲ್ಲವನೇ ಬೇಕು. ಬಲ್ಲವನು ಮೊದಲು ದಾರ ಹಿಡಿದು ಇಳುಕಲು ನೋಡುತ್ತಾನೆ. ಹತ್ತು ಅಡಿಗೆ ಅರ್ಧ ಅಂಗುಲದಿಂದ ಒಂದು ಅಂಗುಲ ಇಳಿದರೆ ಸಾಕು. ಇಳುಕಲೇ ಇಲ್ಲದಿದ್ದರೆ ನೀರು ನಿಂತು ಸೊಳ್ಳೆ ಹುಟ್ಟುತ್ತದೆ. ಎರಡೆರಡು ಅಡಿಗೆ ಒಂದು ಕೊಂಡಿ ಬೇಕು. ಹಂಚಿನ ತುದಿ ದೋಣಿಯೊಳಕ್ಕೆ ಚಾಚಿರಬೇಕು. ಎಲ್ಲಕ್ಕೂ ಮಿಗಿಲಾಗಿ, ದೋಣಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಿರಬೇಕು. ತುಂಬಿ ಚೆಲ್ಲಿದರೂ ನೀರು ಹೊರಕ್ಕೆ ಚೆಲ್ಲಲಿ, ಗೋಡೆಗಲ್ಲ.

ಯಾವ ವಸ್ತು ಒಳ್ಳೆಯದು? ಕಡಲ ಗಾಳಿಯ ಉಪ್ಪು ಸತುವು ಲೇಪಿಸಿದ ತಗಡನ್ನೂ ಬೇಗನೆ ತಿನ್ನುತ್ತದೆ. ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ, ಆದರೆ ಬಿಸಿಲಿಗೆ ಹಿಗ್ಗುತ್ತದೆ, ಕಾಲಾಂತರದಲ್ಲಿ ಬಿರುಸಾಗಿ ಸೀಳುತ್ತದೆ. ಅಲ್ಯುಮಿನಿಯಂ ಬಾಳಿಕೆಯದು, ಅದಕ್ಕೆ ಸಾದಾ ಕಬ್ಬಿಣದ ಮೊಳೆ ಹೊಡೆದರೆ ಮಾತ್ರ ಉಪ್ಪುಗಾಳಿಯಲ್ಲಿ ಮೊಳೆಯ ಸುತ್ತಲೇ ಲೋಹ ಸವೆಯುತ್ತದೆ. ಯಾವುದೇ ಇರಲಿ, ಕೆಲಸ ಮೇ ತಿಂಗಳ ನಡುವಿಗೆ ಮುಗಿಯಲಿ. ನಾಲ್ಕು ಕೊಡ ನೀರು ಸುರಿಸಿ ನೋಡಿದ ಮೇಲೆಯೇ ಕೂಲಿ ಲೆಕ್ಕ ಮಾಡುವುದು ವಿವೇಕ.

ಇನ್ನು ನೆರೆಮನೆಯ ಮಾತು. ಓಣಿಗೆ ಓಣಿ ಅಂಟಿಕೊಂಡ ನಮ್ಮ ಹಳೆಯ ಪೇಟೆಗಳಲ್ಲಿ ಒಬ್ಬನ ಸೂರಿನ ನೀರು ಇನ್ನೊಬ್ಬನ ಜಗಲಿಗೆ ಬೀಳುವುದು ಸಹಜ. ಈ ವ್ಯಾಜ್ಯ ಹೊಸದಲ್ಲ. ಪ್ರಾಚೀನ ರೋಮನ್ನರ ಕಾನೂನಿನಲ್ಲಿಯೂ ಸೂರಿನ ಹನಿಗೆ ಪ್ರತ್ಯೇಕ ಹೆಸರಿತ್ತು. ಇಂಗ್ಲಿಷಿನಲ್ಲಿ ಕದ್ದು ಕೇಳುವವನಿಗಿರುವ ಹೆಸರು ಹುಟ್ಟಿದ್ದು, ಅವನು ಬಂದು ನಿಲ್ಲುವ ಸೂರುಹನಿಯ ಜಾಗದಿಂದ. ನಮ್ಮ 1882ರ ಅನುಭೋಗಗಳ ಕಾನೂನಿನ ಪ್ರಕಾರ 20 ವರ್ಷ ಅಡೆತಡೆಯಿಲ್ಲದೆ, ಬಹಿರಂಗವಾಗಿ ನಡೆದುಬಂದ ಇಂಥ ರೂಢಿ ಹಕ್ಕಾಗಿ ನಿಲ್ಲಬಹುದು. ಕೋರ್ಟಿನ ಮೆಟ್ಟಿಲಿಗಿಂತ ಮೂವತ್ತು ಅಡಿಯ ದೋಣಿ ಅಗ್ಗ.

ಆದರೆ ದೋಣಿಯ ಕೆಲಸ ನೀರನ್ನು ಗಟಾರಕ್ಕೆ ಮುಟ್ಟಿಸುವಲ್ಲಿಗೆ ಮುಗಿಯಬಾರದು. ಶರಾವತಿ, ಅಘನಾಶಿನಿಗಳ ಅಳಿವೆಯ ಸುತ್ತ ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುವ ಊರುಗಳಿವೆ. ಮೇಲೆ ಹೇಳಿದ ಅದೇ ಮಾಡಿನ ಮೇಲೆ ವರ್ಷಕ್ಕೆ ಮೂರು ಲಕ್ಷ ಲೀಟರ್ ಸಿಹಿನೀರು ಬೀಳುತ್ತದೆ. ಮೊದಲ ಮಳೆಗಳ ಕೊಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲಿನ ಮೂಲಕ ಸೋಸಿ ಬಾವಿಯ ಬಳಿಯ ಇಂಗುಗುಂಡಿಗೆ ಇಳಿಸಬಹುದು. ಹಾಗೆ ಇಳಿದದ್ದೆಲ್ಲ ಏಪ್ರಿಲಿನವರೆಗೆ ನಿಲ್ಲದು. ಒಂದಿಷ್ಟು ಕಡಲಿಗೂ ಹರಿದೀತು. ಉಳಿದಷ್ಟು ಉಪ್ಪನ್ನು ಹಿಂದಕ್ಕೆ ಒತ್ತಲು ನೆರವಾಗುತ್ತದೆ. ದೋಣಿ ಕಟ್ಟಲು ಬಂದ ಕೆಲಸಗಾರನಿಗೆ ಬೆಲೆ ಕೇಳುವ ಮುನ್ನ, ನೀರನ್ನು ಎಲ್ಲಿಗೆ ಮುಟ್ಟಿಸುತ್ತೀ ಎಂದು ಕೇಳಿರಿ.