ಕರಿಬೇವಿನ ಎಲೆ ಕೇಳುವ ಪ್ರಶ್ನೆ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಊಟ ಬಲ್ಲವನಾಗುವುದೆಂದರೆ ಹಿತಮಿತವಾಗಿ ಉಣ್ಣುವುದಷ್ಟೇ ಅಲ್ಲ. ತಟ್ಟೆಗೆ ಬಂದದ್ದು ಯಾರ ಹೊಲದ್ದು, ಅದನ್ನು ಹೇಗೆ ಬೆಳೆದರು ಎಂದು ತಿಳಿಯುವುದೂ ಅದರಲ್ಲಿ ಸೇರಿದೆ. ಇದಕ್ಕೆ ಕೊಯಮತ್ತೂರು ಜಿಲ್ಲೆಯ ಕಾರಮಡೈ ಒಳ್ಳೆಯ ನಿದರ್ಶನ.

ನೀಲಗಿರಿಯ ತಪ್ಪಲಿನ ಈ ಸೀಮೆಯಲ್ಲಿ ಕನ್ನಡ ಮಾತೂ ಬಾಳಿದೆ. ಸಿರುಮುಗೈಯ ದೇವಾಂಗ ನೇಕಾರರ ಮನೆಗಳಲ್ಲಿ, ಸುತ್ತಲಿನ ಒಕ್ಕಲಿಗರ ಮನೆಗಳಲ್ಲಿ ಅದನ್ನು ಕೇಳಬಹುದು. ಕಾರಮಡೈ, ಮೇಟ್ಟುಪಾಳ್ಯಂ ಕಡೆಯ ಹೊಲಗಳಲ್ಲಿ ಬಾಳೆಯೊಂದಿಗೆ ಕರಿಬೇವೂ ಪ್ರಮುಖ ಬೆಳೆ. ನಮ್ಮ ಒಗ್ಗರಣೆಗೆ ಇದಕ್ಕಿಂತ ಸಹಜವಾದ, ನಮ್ಮದೇ ಆದ ಪದಾರ್ಥ ಇನ್ನೊಂದಿಲ್ಲ.

ಆದರೆ ಎಚ್ಚರ ಬೇಕು. ರಸ ಹೀರುವ ಸಿಲ್ಲಿಡ್ ಕೀಟಕ್ಕೆ ಕರಿಬೇವಿನ ಎಳೆ ಚಿಗುರೆಂದರೆ ಬಲು ಪ್ರಿಯ. ಚುಕ್ಕೆಯಿದ್ದ ಎಲೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಆದುದರಿಂದ ರೈತ ಕೀಟನಾಶಕ ಸಿಂಪಡಿಸುತ್ತಾನೆ. ತೆಂಗಿಗೆ ಚಿಪ್ಪಿದೆ, ಬಾಳೆಗೆ ಸಿಪ್ಪೆಯಿದೆ. ಕರಿಬೇವಿನಲ್ಲಿ ಮದ್ದು ಬಿದ್ದ ಎಲೆಯೇ ನೇರವಾಗಿ ಸಾರಿಗೆ ಬೀಳುತ್ತದೆ. ಐರೋಪ್ಯ ಒಕ್ಕೂಟವು ಭಾರತದ ಕರಿಬೇವನ್ನು ಗಡಿಯಲ್ಲಿ ಹೆಚ್ಚಿನ ತಪಾಸಣೆ ಬೇಕಾದ ಪದಾರ್ಥಗಳ ಪಟ್ಟಿಗೆ ಸೇರಿಸಿದ್ದು ಈ ಕಾರಣದಿಂದಲೇ. 2015ರಲ್ಲಿ ಕೇರಳವೂ ತಮಿಳುನಾಡಿನಿಂದ ಬರುವ ತರಕಾರಿಗಳ ಮೇಲೆ ಕಟ್ಟುನಿಟ್ಟಿನ ನಿಗಾ ಇಟ್ಟಿತು. ಆದುದರಿಂದ ಹತ್ತಿರದಲ್ಲಿ ಬೆಳೆದದ್ದೆಲ್ಲ ಶುದ್ಧವೆಂದು ನಂಬುವಂತಿಲ್ಲ. ಹತ್ತಿರದ್ದರ ನಿಜವಾದ ಲಾಭ ಬೇರೆ: ಬೆಳೆದವರನ್ನು ಕಂಡು ಕೇಳಬಹುದು.

ವಿಷವಿಲ್ಲದೆ ಬೆಳೆಯಬಹುದೇ? ಇದಕ್ಕೆ ಕಾರಮಡೈ ಬಳಿಯ ತೇಕ್ಕಂಪಟ್ಟಿಯ ಪಾಪ್ಪಮ್ಮಾಳ್ ಅವರ ಬದುಕೇ ಉತ್ತರ. 1914ರಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ದಿನಸಿ ಅಂಗಡಿ ನಡೆಸಿ, ಅದರ ಗಳಿಕೆಯಿಂದ ಹೊಲ ಕೊಂಡರು. ನೂರು ದಾಟಿದ ಮೇಲೂ ಎರಡೂವರೆ ಎಕರೆಯಲ್ಲಿ ಸಾವಯವ ವಿಧಾನದಿಂದ ದುಡಿದರು. 2021ರಲ್ಲಿ ಪದ್ಮಶ್ರೀ ಪುರಸ್ಕಾರ ಲಭಿಸಿತು. 2024ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. ಮಾರಿದ ಕೈಯೇ ಬಿತ್ತಿತ್ತು, ಬಿತ್ತಿದ ಕೈಯೇ ಉಂಡಿತ್ತು. ಇಂಥಲ್ಲಿ ಮೋಸಕ್ಕೆ ಎಡೆಯೆಲ್ಲಿ?

ಪೊಟ್ಟಣದ ಆಹಾರಕ್ಕೆ ಇಂಥ ಮುಖವಿಲ್ಲ. ಆದರೂ ಅದರ ಬೆನ್ನನ್ನು ಓದಬಹುದು. ಕಾನೂನಿನ ಪ್ರಕಾರ, ಹೆಚ್ಚು ತೂಕವಿರುವ ಪದಾರ್ಥವನ್ನು ಮೊದಲು ಬರೆಯಬೇಕು. ಮುಂದೆ ರಾಗಿ ಬಿಸ್ಕತ್ತು ಎಂದಿದ್ದು, ಹಿಂದೆ ಮೈದಾ, ಸಕ್ಕರೆ ಮೊದಲಿದ್ದರೆ ಅದು ರಾಗಿಯ ಹೆಸರಿನ ಮೈದಾ ಬಿಸ್ಕತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶ, 11 ಗ್ರಾಂ ನಾರು ಇದೆ. ಮೈದಾದಲ್ಲಿ ನಾರು 3 ಗ್ರಾಂಗಿಂತ ಕಡಿಮೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ತಿಳಿಸಿದೆ. ಹೀಗಿರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಹಾಗಾದರೆ ನಾವು ಏನು ಮಾಡಬಹುದು?

1. ರೈತರ ಸಂತೆಗೆ ಹೋಗಿ. ತಮಿಳುನಾಡಿನಲ್ಲಿ 1999ರಲ್ಲಿ ಆರಂಭವಾದ ಉಳವರ್ ಸಂದೈಯಲ್ಲಿ ಬೆಳೆದವರೇ ಮಾರುತ್ತಾರೆ. ಮೇಟ್ಟುಪಾಳ್ಯದಲ್ಲೂ ಅದುಂಟು. ಮದ್ದು ಹೊಡೆದು ಎಷ್ಟು ದಿನವಾಯಿತು ಎಂದು ಸೌಜನ್ಯದಿಂದ ವಿಚಾರಿಸಿ.

2. ಚುಕ್ಕೆಯಿರುವ ಎಲೆಯನ್ನು ದೂರ ತಳ್ಳಬೇಡಿ. ಗ್ರಾಹಕ ಒಪ್ಪಿದರೆ ರೈತನ ಸಿಂಪಡಣೆ ತಗ್ಗುತ್ತದೆ.

3. ಸಾವಯವವೆಂದು ಹೆಚ್ಚು ಹಣ ಕೊಡುವಾಗ ಅಧಿಕೃತ ಸಾವಯವ ಚಿಹ್ನೆ ನೋಡಿ. ಪಿಜಿಎಸ್ ಪದ್ಧತಿಯಲ್ಲಿ ನೆರೆಹೊರೆಯ ರೈತರೇ ಪರಸ್ಪರರ ಹೊಲ ಪರಿಶೀಲಿಸುತ್ತಾರೆ. ಸಣ್ಣ ರೈತರಿಗೆ ಇದು ಅನುಕೂಲ.

4. ಸೊಪ್ಪನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮೇಲಿನ ಉಳಿಕೆ ತಗ್ಗುತ್ತದೆ. ಎಲೆಯೊಳಗೆ ಇಳಿದದ್ದು ಹೋಗದು.

5. ಹಿತ್ತಲಲ್ಲೋ ಕುಂಡದಲ್ಲೋ ಒಂದು ಕರಿಬೇವಿನ ಗಿಡ ನೆಡಿ. ಹುಳುಗಳನ್ನು ಕೈಯಿಂದ ಆರಿಸಿ. ಕೀಟ ಹೆಚ್ಚಾದರೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಸೋಸಿ, ಒಂದು ಲೀಟರ್ ಮಾಡಿ ಸಂಜೆ ಸಿಂಪಡಿಸಿ.

ಎಲ್ಲರೂ ಎರಡೂವರೆ ಎಕರೆ ಉಳಲಾರೆವು, ನಿಜ. ಆದರೆ ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳುವುದು ಎಲ್ಲರಿಂದಲೂ ಸಾಧ್ಯ. ಕೇಳುವವರಿದ್ದಾರೆಂದು ತಿಳಿದರೆ, ಬೆಳೆಯುವವರೂ ಬದಲಾಗುತ್ತಾರೆ.