ಆಕ್ಟನ್ ಬರ್ನೆಲ್: ಕೋಟೆಯ ರೂಪದ ಮನೆ

ಇಂಗ್ಲೆಂಡಿನ ಪಶ್ಚಿಮಕ್ಕೆ, ವೇಲ್ಸ್‌ನ ಗಡಿಗೆ ಹೊಂದಿಕೊಂಡಿರುವ ಶ್ರಾಪ್‌ಶೈರ್ ಪ್ರಾಂತದ ಆಕ್ಟನ್ ಬರ್ನೆಲ್ ಎಂಬ ಹಳ್ಳಿಯಲ್ಲಿ ಕೆಂಪು ಮರಳುಗಲ್ಲಿನ ಪಾಳುಕಟ್ಟಡವೊಂದಿದೆ. ರೂಢಿಯಲ್ಲಿ ಅದಕ್ಕೆ ಕೋಟೆಯೆಂದೇ ಹೆಸರು. ಆದರೆ ಅದರ ರಚನೆಯನ್ನು ಪರಿಶೀಲಿಸಿದಾಗ ಈ ಹೆಸರು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬ ಪ್ರಶ್ನೆ ಏಳುತ್ತದೆ.

ಇದನ್ನು ಕಟ್ಟಿಸಿದವನು ರಾಬರ್ಟ್ ಬರ್ನೆಲ್. ಒಂದನೆಯ ಎಡ್ವರ್ಡ್ ದೊರೆಯ ಆಪ್ತನಾದ ಈತ 1274ರಿಂದ 1292ರಲ್ಲಿ ಮರಣ ಹೊಂದುವವರೆಗೆ ರಾಜ್ಯದ ಚಾನ್ಸಲರನಾಗಿದ್ದನು. 1275ರಿಂದ ಬಾತ್ ಮತ್ತು ವೆಲ್ಸ್‌ನ ಬಿಷಪ್ಪನೂ ಆಗಿದ್ದನು. 1283ರ ಅಕ್ಟೋಬರಿನಲ್ಲಿ ದೊರೆ ಇಲ್ಲಿ ತಂಗಿದ್ದಾಗ ಈ ಊರಿನ ಹೆಸರಿನ ಕಾಯಿದೆಯೊಂದು ಹೊರಟಿತು. ವರ್ತಕರು ತಮಗೆ ಬರಬೇಕಾದ ಸಾಲವನ್ನು ನಗರದ ಮೇಯರನ ಮುಂದೆ ದಾಖಲಿಸುವುದಕ್ಕೂ, ವಾಯಿದೆಗೆ ಸಾಲ ತೀರದಿದ್ದರೆ ಸಾಲಗಾರನ ಸೊತ್ತನ್ನು ಮಾರಿಸಿ ವಸೂಲು ಮಾಡುವುದಕ್ಕೂ ಅದು ಅವಕಾಶ ಕಲ್ಪಿಸಿತು. ಆಗ ಪಾರ್ಲಿಮೆಂಟು ಸೇರಿತ್ತೆಂದು ಐತಿಹ್ಯ ಹೇಳುವ ಕಣಜದ ಎರಡು ತುದಿಗೋಡೆಗಳು ಸಮೀಪದಲ್ಲಿಯೇ ಉಳಿದಿವೆ.

1284ರ ಜನವರಿಯಲ್ಲಿ ಬರ್ನೆಲನಿಗೆ ತನ್ನ ಮನೆಯ ಗೋಡೆಗೆ ತೆನೆಗಳನ್ನು ಕಟ್ಟಲು ರಾಜನ ಪರವಾನಗಿ ದೊರೆಯಿತು. ಕಟ್ಟಡದ ತಲವಿನ್ಯಾಸ ಆಯತಾಕಾರದ್ದು. ನಾಲ್ಕು ಮೂಲೆಗಳಲ್ಲಿ ನಾಲ್ಕು ಚೌಕ ಗೋಪುರಗಳು. ವಿಶಾಲವಾದ ಹಜಾರವಿದ್ದುದು ಮೇಲಂತಸ್ತಿನಲ್ಲಿ. ಹೊರಗೋಡೆಯಲ್ಲಿ ತೆರೆದಿರುವ ಅದರ ದೊಡ್ಡ ಕಿಟಕಿಗಳೇ ಇಲ್ಲಿ ಮುಖ್ಯ ಸಾಕ್ಷ್ಯ. ಮುತ್ತಿಗೆಯನ್ನು ಎದುರಿಸಬೇಕಾದ ಗೋಡೆಯಲ್ಲಿ ಯಾರೂ ಇಂಥ ಕಿಟಕಿಗಳನ್ನು ಇಡಲಾರರು. ಮೇಲಾಗಿ, ವೇಲ್ಸ್‌ನ ಮೇಲಿನ ಎಡ್ವರ್ಡನ ಯುದ್ಧ 1283ರಲ್ಲಿಯೇ ಮುಗಿದಿತ್ತು. ಆದುದರಿಂದ ಗೋಪುರಗಳೂ ತೆನೆಗಳೂ ಕಳ್ಳಕಾಕರಿಂದ ರಕ್ಷಣೆ ಕೊಟ್ಟಿರಬಹುದಾದರೂ, ಅವು ಮುಖ್ಯವಾಗಿ ಸಾರಿದುದು ಒಡೆಯನ ಅಂತಸ್ತನ್ನು. ರಾಜನ ಪರವಾನಗಿಯೂ ಒಂದು ಗೌರವವೇ ಆಗಿತ್ತು.

ಈ ಪ್ರತಿಷ್ಠೆ ಬಹುಕಾಲ ಬಾಳಲಿಲ್ಲ. 1420ರ ಹೊತ್ತಿಗೆ ಮನೆಯಲ್ಲಿ ವಾಸ ನಿಂತಿತ್ತು. ಪಕ್ಕದಲ್ಲಿ ಹೊಸ ಬಂಗಲೆ ಎದ್ದ ಹದಿನೆಂಟನೆಯ ಶತಮಾನದಲ್ಲಿ ಹಳೆಯ ಮನೆ ಕಣಜವಾಗಿ ಬಳಕೆಯಾಯಿತು. ಈಗ ಉಳಿದಿರುವುದು ಮಾಡಿಲ್ಲದ ಗೋಡೆಗಳು ಮಾತ್ರ.

ಇಂಥ ಕಟ್ಟಡವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ಕೋಟೆ’ ಎಂದರೆ ಸೈನ್ಯದ ನೆಲೆ ಕಣ್ಮುಂದೆ ಬರುತ್ತದೆ. ‘ಅರಮನೆ’ ಎಂದರೆ ಅರಸನ ನಿವಾಸ. ಉತ್ತರ ಕರ್ನಾಟಕದ ದೇಸಾಯಿಯವರ ‘ವಾಡೆ’ ಇದಕ್ಕೆ ಹೆಚ್ಚು ಹತ್ತಿರದ ಮಾತು. ಎತ್ತರದ ಗೋಡೆ, ಭಾರಿ ಹೆಬ್ಬಾಗಿಲು, ಒಳಗೆ ಸಂಸಾರ ಮತ್ತು ಕಂದಾಯದ ವ್ಯವಹಾರ: ವಾಸ, ಅಧಿಕಾರ, ರಕ್ಷಣೆ ಮೂರೂ ಅಲ್ಲಿ ಒಂದೇ ಸೂರಿನಡಿ ಸೇರಿದ್ದವು. ಪುಣೆಯ ‘ವಾಡಾ’ವನ್ನೂ ತೆಲಂಗಾಣದ ದೊರೆಗಳ ‘ಗಡಿ’ಯನ್ನೂ ಕಂಡಿರುವ ಹೊರನಾಡ ಕನ್ನಡಿಗರಿಗೆ ಈ ಹೋಲಿಕೆ ಸುಲಭವಾಗಿ ತಿಳಿಯುತ್ತದೆ. ಕಾಲದೇಶಗಳು ಬೇರೆಯಾದುದರಿಂದ ಇವುಗಳ ನಡುವೆ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೆ ಹೆಸರು ತಪ್ಪಿದರೆ ಚರಿತ್ರೆಯ ಓದೂ ದಾರಿ ತಪ್ಪುತ್ತದೆ. ಮನೆಯೆಂದು ಗುರುತಿಸಿದಾಗಲೇ ಆಕ್ಟನ್ ಬರ್ನೆಲ್‌ನ ಕಿಟಕಿಗಳಿಗೆ ಅರ್ಥ ಬರುತ್ತದೆ.